ಕಾರಹುಣ್ಣಿಮೆಯೂ ಎತ್ತಿನ ಹೊಟ್ಟೆಯೂ

ಜ್ಯೇಷ್ಠ ಮಾಸದ ಹುಣ್ಣಿಮೆಯಂದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಯಾವ ಹಳ್ಳಿಯನ್ನು ಹೊಕ್ಕರೂ ಅಂದಿನ ಮಟ್ಟಿಗೆ ಅಲ್ಲಿಯ ಯಜಮಾನನು ಎತ್ತೇ ಹೊರತು ಮನುಷ್ಯನಲ್ಲ. ಹಿಂದಿನ ದಿನ ಹೊನ್ನುಗ್ಗಿ. ಅಂದು ಎತ್ತುಗಳ ಮೈ ತೊಳೆದು ವಿಶೇಷ ಆಹಾರವನ್ನು ತಿನ್ನಿಸುವರು. ಮರುದಿನ ಕೋಡಿಗೆ ಬಣ್ಣ, ಹಣೆಗೆ ಬಾಸಿಂಗ, ಕೊರಳಿಗೆ ಗೆಜ್ಜೆ, ಕೋಡಿನ ತುದಿಗೆ ಗೊಂಡೆ. ಸಂಜೆ ಅಗಸಿಯ ಮುಂದೆ ಕರಿ ಹರಿಯುವ ಓಟ. ಬಿಳಿಯ ಎತ್ತು ಮುಂದಾದರೆ ಹಿಂಗಾರಿಯ ಬಿಳಿಜೋಳ ಕೈಹಿಡಿಯುವುದೆಂದೂ ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ ಮೇಲಾಗುವುದೆಂದೂ ಹಿರಿಯರು ಭವಿಷ್ಯ ನುಡಿಯುವರು. ಬಸವಣ್ಣನವರು ಹುಟ್ಟಿದ ಈ ನೆಲದಲ್ಲಿ ಎತ್ತನ್ನು ‘ಬಸವಣ್ಣ’ ಎಂದೇ ಕರೆಯುವ ಮನೆಗಳು ಬಹಳ. ಅಂತಹ ಪ್ರೀತಿಗೆ ಇದು ವರ್ಷದ ದೊಡ್ಡ ದಿನ.

ಆದರೆ ಅದರ ಮರುದಿನದ ಬೆಳಗನ್ನೂ ನಾವು ನೋಡಬೇಕು. ತಾಲ್ಲೂಕಿನ ಪಶು ಚಿಕಿತ್ಸಾಲಯದ ಅಂಗಳದಲ್ಲಿ ಆ ಹೊತ್ತಿಗೆ ನಡೆಯುವ ಸಂಭಾಷಣೆ ಬಹುಮಟ್ಟಿಗೆ ಒಂದೇ ಬಗೆಯದು. “ಕಾಕಾ, ನಿನ್ನಿ ಎತ್ತಿಗೆ ಏನ್ ತಿನಿಸೀರಿ?” ಎಂದು ವೈದ್ಯರು ಕೇಳುವರು. “ಏನೂ ಇಲ್ರೀ ಸಾಹೇಬ್ರ, ಹಬ್ಬದ್ದಂತ ಎರಡು ಹೋಳಿಗಿ, ಅಷ್ಟ” ಎಂಬ ಉತ್ತರ ಬರುವುದು. ಉತ್ತರ ಕೊಟ್ಟವನು ಸುಳ್ಳಾಡುತ್ತಿಲ್ಲ. ಅವನು ಕೊಟ್ಟದ್ದು ಎರಡೇ. ಅವನ ತಾಯಿ ಎರಡು ಕೊಟ್ಟಿರುವಳು, ಹೆಂಡತಿ ಒಂದು ಬೋಗುಣಿ ಕಿಚಡಿ ಇಟ್ಟಿರುವಳು, ಅಣ್ಣನ ಮಕ್ಕಳು ಮೂವರೂ ತಮ್ಮ ತಮ್ಮ ಪಾಲಿನ ಕಡುಬನ್ನು ಬಾಯಿಗೆ ಒಡ್ಡಿರುವರು. ನೆರೆಮನೆಯವರು ಆರತಿ ಬೆಳಗಿ ಜೋಳದ ಹಿಟ್ಟಿನ ಮುದ್ದೆಯನ್ನು ಕೊಟ್ಟು ಹೋಗಿರುವರು. ಯಾರೊಬ್ಬರೂ ಅತಿ ಮಾಡಲಿಲ್ಲ. ಆದರೂ ಎತ್ತಿನ ಹೊಟ್ಟೆಗೆ ಒಂದು ಬುಟ್ಟಿ ಹಿಟ್ಟು ಇಳಿದಿದೆ.

ಇದರಿಂದ ಆಗುವ ಹಾನಿಯನ್ನು ತಿಳಿಯಬೇಕಾದರೆ ಎತ್ತಿನ ಹೊಟ್ಟೆಯ ರಚನೆಯನ್ನು ಕೊಂಚ ತಿಳಿದಿರಬೇಕು. ಮೆಲುಕು ಹಾಕುವ ಪ್ರಾಣಿಗಳ ಜಠರಕ್ಕೆ ನಾಲ್ಕು ಕೋಣೆಗಳುಂಟು. ಅವುಗಳಲ್ಲಿ ಎಡ ಮಗ್ಗುಲನ್ನೆಲ್ಲ ತುಂಬಿಕೊಂಡಿರುವ ಮೊದಲನೆಯದೇ ರೂಮೆನ್. ದೊಡ್ಡ ಎತ್ತಿನಲ್ಲಿ ನೂರು ಲೀಟರಿಗೂ ಮಿಕ್ಕಿ ಹಿಡಿಯುವಂತಹ ಚೀಲ. ಇದು ಜೀರ್ಣಾಂಗವೆನ್ನುವುದಕ್ಕಿಂತ ಹುದುಗುವ ಹರವಿಯೆಂದರೆ ಹೆಚ್ಚು ಸರಿಯಾದೀತು. ಅದರೊಳಗಿನ ದ್ರವದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಗೂ ಮಿಕ್ಕಿ ಅಣುಜೀವಿಗಳು ವಾಸಿಸುವುವು. ಎತ್ತಿಗೆ ತಾನೇ ಜೀರ್ಣಿಸಿಕೊಳ್ಳಲಾಗದ ಕಣಿಕೆಯ ನಾರನ್ನು ಇವು ನಿಧಾನವಾಗಿ ಒಡೆದು, ಅದು ಹೀರಿಕೊಳ್ಳಬಲ್ಲ ಲಘು ಆಮ್ಲಗಳನ್ನಾಗಿ ಮಾಡಿಕೊಡುವುವು. ಎತ್ತು ಮೆಲುಕು ಹಾಕುವಾಗ ಸುರಿಯುವ ಜೊಲ್ಲು ಕ್ಷಾರಗುಣದ್ದು. ಅದು ಈ ಆಮ್ಲವನ್ನು ಹದದಲ್ಲಿಡುವುದು. ರಸಾಯನಜ್ಞರ ಅಳತೆಗೋಲಿನಲ್ಲಿ ಏಳು ಎಂಬುದು ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ನಡುಬಿಂದು. ಅಲ್ಲಿಂದ ಕೆಳಗಿಳಿದಷ್ಟೂ ಹುಳಿ ಹೆಚ್ಚು. ಆರೋಗ್ಯದ ರೂಮೆನ್ ಆರು ಮತ್ತು ಏಳರ ನಡುವೆ ಇರುವುದು.

ಕಣಿಕೆ ತಿಂದು ಬೆಳೆದ ಈ ಅಣುಜೀವಿಗಳ ಸಂಸಾರಕ್ಕೆ ಒಮ್ಮೆಲೆ ಹಿಟ್ಟು, ನುಚ್ಚು, ಬೆಲ್ಲ, ಬೆಂದ ಬೇಳೆ ಬಂದು ಬಿದ್ದರೆ ಏನಾಗುವುದು? ಪಿಷ್ಟ ಮತ್ತು ಸಕ್ಕರೆಗಳಿಂದ ಬದುಕುವ ಒಂದು ಗುಂಪಿನ ಅಣುಜೀವಿಗಳು ಭರದಿಂದ ವೃದ್ಧಿಯಾಗಿ ಲ್ಯಾಕ್ಟಿಕ್ ಆಮ್ಲವನ್ನು ಸುರಿಸತೊಡಗುವುವು. ಮೊಸರನ್ನು ಹುಳಿಯಾಗಿಸುವುದೂ ಇದೇ ಆಮ್ಲವೇ. ಇಡೀ ಕಾಳಿಗಿಂತ ಹಿಟ್ಟು ಬೇಗ ಹುಳಿಯುವುದು. ಹಸಿ ಹಿಟ್ಟಿಗಿಂತ ಬೆಂದ ಹಿಟ್ಟು ಇನ್ನೂ ಬೇಗ. ಹುಳಿ ಏರಿದಂತೆ ನಾರನ್ನು ಕರಗಿಸುವ ಜೀವಿಗಳು ಸಾಯುವುವು, ಹುಳಿಯನ್ನೇ ಸಹಿಸಬಲ್ಲವು ಉಳಿಯುವುವು. ಅವು ಇನ್ನಷ್ಟು ಹುಳಿಯನ್ನು ಮಾಡುವುವು. ಅಳತೆಗೋಲು ಐದರ ಕೆಳಗೆ ಜಾರುವುದು. ಆರೂವರೆಯಿಂದ ನಾಲ್ಕೂವರೆಗೆ ಇಳಿಯಿತೆಂದರೆ ಎರಡೇ ಮೆಟ್ಟಿಲು ಎಂದು ಓದುಗರು ತಿಳಿಯಬಾರದು. ಈ ಗೋಲಿನ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನದು, ಆದುದರಿಂದ ಆಮ್ಲತೆ ನೂರು ಪಟ್ಟಾಯಿತೆಂದೇ ಅರ್ಥ. ಆಗ ರೂಮೆನ್ ಚಲಿಸುವುದನ್ನು ನಿಲ್ಲಿಸುವುದು. ಮೈಯ ರಕ್ತದೊಳಗಿನ ನೀರೆಲ್ಲ ಆ ಹುಳಿಯ ಹರವಿಗೆ ಸೆಳೆಯಲ್ಪಟ್ಟು, ಹೊಟ್ಟೆಯಲ್ಲಿ ನೀರು ತುಳುಕುತ್ತಿದ್ದರೂ ಎತ್ತು ಬಾಯಾರಿ ಬತ್ತುವುದು, ಕಣ್ಣು ಗುಳಿಬೀಳುವುದು. ಸಗಣಿ ನೀರಾಗಿ ಹುಳಿನಾತ ಹೊಡೆಯುವುದು. ಕುಡಿದವನಂತೆ ತೂರಾಡಿ, ಮಲಗಿ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಳ್ಳುವುದು. ತೀವ್ರವಾದ ಪ್ರಸಂಗಗಳಲ್ಲಿ ಒಂದೆರಡು ದಿನಗಳೊಳಗೆ ಸಾವು. ಬದುಕಿದ ಎತ್ತಿಗೂ ಗೊರಸಿನೊಳಗೆ ಉರಿಯೂತವಾಗಿ ಕುಂಟು ಉಳಿಯುವುದುಂಟು.

ಇದು ಯಾವ ಕಾಲದಲ್ಲಿ ಸಂಭವಿಸುವುದೆಂಬುದನ್ನು ಗಮನಿಸಬೇಕು. ಕಾರಹುಣ್ಣಿಮೆ ಬರುವುದು ಸಾಮಾನ್ಯವಾಗಿ ಜೂನ್ ತಿಂಗಳಿನಲ್ಲಿ. ಮುಂಗಾರಿನ ಮೊದಲ ಮಳೆಗಳು ಬಿದ್ದು ತೊಗರಿ, ಸಜ್ಜೆ, ಹೆಸರುಗಳನ್ನು ಬಿತ್ತಬೇಕಾದ ಹೊತ್ತು. ಎರೆಯ ಹದ ನಮಗಾಗಿ ಕಾಯುವುದಿಲ್ಲ. ಟ್ರ್ಯಾಕ್ಟರು ಬಂದಿರುವುದು ನಿಜ. ಆದರೂ ಕೂರಿಗೆ ಹೂಡಲು, ಎಡೆ ಹೊಡೆಯಲು ಎತ್ತನ್ನೇ ನಂಬಿರುವ ಸಣ್ಣ ಹಿಡುವಳಿದಾರರು ಈ ತಾಲ್ಲೂಕುಗಳಲ್ಲಿ ಅನೇಕರಿದ್ದಾರೆ. ಒಳ್ಳೆಯ ಖಿಲಾರಿ ಜೋಡಿಯ ಬೆಲೆ ಲಕ್ಷ ರೂಪಾಯಿಯನ್ನು ದಾಟುವುದು ಅಪರೂಪವಲ್ಲ. ಎರೆಭೂಮಿಯ ಬೇಸಾಯಕ್ಕೆಂದೇ ರೂಪುಗೊಂಡ ಕೃಷ್ಣಾ ಕಣಿವೆ ತಳಿಯ ದನಗಳಂತೂ ಈಗ ಕೆಲವೇ ಉಳಿದಿವೆ. ಜೋಡಿಯಲ್ಲಿ ಒಂದು ಹೋದರೆ ಇನ್ನೊಂದು ಅರ್ಧ ಬೆಲೆಯದಾಗುವುದಿಲ್ಲ, ಆ ಹಂಗಾಮಿಗೆ ಬೆಲೆಯೇ ಇಲ್ಲದ್ದಾಗುವುದು.

ವೈದ್ಯರ ಬಳಿ ಉಪಾಯವಿಲ್ಲವೆಂದಲ್ಲ. ಅಡುಗೆ ಸೋಡಾದಂತಹ ಕ್ಷಾರದಿಂದ ಹುಳಿಯನ್ನು ತಗ್ಗಿಸುವರು, ರಕ್ತನಾಳಕ್ಕೆ ದ್ರವವನ್ನು ಏರಿಸುವರು, ಕೊಳವೆಯಿಂದ ರೂಮೆನ್ನನ್ನು ತೊಳೆಯುವರು. ಆರೋಗ್ಯವಂತ ದನದ ರೂಮೆನ್ನಿನ ರಸವನ್ನು ತೆಗೆದು ರೋಗಿಯ ಹೊಟ್ಟೆಗೆ ಸೇರಿಸಿ, ಸತ್ತುಹೋದ ಅಣುಜೀವಿಗಳ ಸಂಸಾರವನ್ನು ಮತ್ತೆ ನೆಲೆಗೊಳಿಸುವುದೂ ಉಂಟು. ಇವೆಲ್ಲ ಹೊತ್ತಿಗೆ ಸರಿಯಾಗಿ ಆದರೆ ಫಲಿಸುವುವು. ಆದರೆ ಹಬ್ಬದ ರಾತ್ರಿ ಎತ್ತು ಮಂಕಾದರೆ ಮೊದಲು ಹೊಳೆಯುವುದು ಓಟದಲ್ಲಿ ಯಾರದೋ ಕಣ್ಣು ತಾಗಿತೆಂದು. ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವುದರಿಂದ ಎತ್ತಿಗೆ ಕೇಡಿಲ್ಲ. ಅದನ್ನು ನಂಬಿ ಬೆಳಗಿನವರೆಗೆ ಕಳೆದ ಹತ್ತು ತಾಸುಗಳಿಂದಲೇ ಕೇಡು. ಹಬ್ಬದ ಒಂದೇ ದಿನ ಹತ್ತಾರು ಹಳ್ಳಿಗಳಲ್ಲಿ ಎತ್ತುಗಳು ಒಟ್ಟಿಗೆ ಮಲಗಿದರೆ ಒಬ್ಬ ವೈದ್ಯರು ಎಷ್ಟು ಕಡೆಗೆ ಓಡಿಯಾರು? ಆದುದರಿಂದ ಈ ರೋಗಕ್ಕೆ ಚಿಕಿತ್ಸಾಲಯವು ಮಾಡಬಹುದಾದ ಅತ್ಯಂತ ಅಗ್ಗದ ಚಿಕಿತ್ಸೆಯೆಂದರೆ ಹಬ್ಬಕ್ಕೆ ಹದಿನೈದು ದಿನ ಮೊದಲೇ ಕೊಡುವ ತಿಳಿವಳಿಕೆ.

ತಿಳಿವಳಿಕೆಯೆಂದೊಡನೆ ಗೋಡೆಗೆ ಅಂಟಿಸುವ ಭಿತ್ತಿಪತ್ರವೇ ನಮ್ಮ ಕಣ್ಣ ಮುಂದೆ ಬರುವುದು. ಭಿತ್ತಿಪತ್ರದಲ್ಲಿ ‘ಮಾಡಬೇಡಿರಿ’ ಎಂಬ ಮಾತು ಹತ್ತು ಸಲ ಇರುವುದು. ಓದಿದವನಿಗೆ ಇದು ಹಬ್ಬವನ್ನೇ ಬೇಡವೆನ್ನುತ್ತಿದೆಯೆಂದು ತೋರುವುದು. ಎತ್ತಿಗೆ ಹೋಳಿಗೆ ಕೊಡಬೇಡಿರೆಂದರೆ ಯಾವ ತಾಯಿಯೂ ಕೇಳಲಾರಳು, ಕೇಳಬೇಕಾಗಿಯೂ ಇಲ್ಲ. ನಮಗೆ ತೋರುವ ಉಪಾಯ ಬೇರೆ. ಗೋದಲಿಯ ಬಳಿ ಒಂದು ಸಣ್ಣ ಬುಟ್ಟಿಯನ್ನು ತೂಗುಹಾಕಿಸಬೇಕು. ಮನೆಯವರಾಗಲಿ ನೆರೆಯವರಾಗಲಿ ಎತ್ತಿಗೆಂದು ತಂದುದನ್ನೆಲ್ಲ ಆ ಬುಟ್ಟಿಯಲ್ಲಿ ಹಾಕಬೇಕು. ಅದರಿಂದ ಒಂದು ತುತ್ತನ್ನು ಎಲ್ಲರೂ ತಮ್ಮ ಕೈಯಿಂದಲೇ ತಿನ್ನಿಸಲಿ, ಉಳಿದದ್ದನ್ನು ಮನೆಯ ಹಿರಿಯಳು ಎರಡು ಮೂರು ದಿನಗಳಿಗೆ ಹಂಚಿ ಕಣಿಕೆಯ ಜೊತೆಗೆ ಕೊಡಲಿ. ಹೊಟ್ಟೆಗೆ ಬೀಳುವ ಒಟ್ಟು ಮೊತ್ತ ಕಣ್ಣಿಗೆ ಕಾಣುವಂತಾದರೆ ಅರ್ಧ ಕೆಲಸ ಮುಗಿಯಿತು. ಹಬ್ಬದ ಅಡುಗೆಯೂ ಕೊಡುವ ಕೈಯೂ ಮನೆಯ ಹೆಣ್ಣುಮಕ್ಕಳದಾಗಿರುವಾಗ, ಚಿಕಿತ್ಸಾಲಯದ ಮಾತು ಚಾವಡಿಯಲ್ಲಿ ಕುಳಿತ ಗಂಡಸರಿಗೆ ಮಾತ್ರ ಮುಟ್ಟಿದರೆ ಸಾಲದು. ಹಾಲಿನ ಸಂಘಕ್ಕೆ ಬೆಳಗ್ಗೆ ಹಾಲು ಹಾಕಲು ಬರುವ ತಾಯಂದಿರೊಡನೆ ಎರಡು ನಿಮಿಷ ನಿಂತು ಆಡಿದ ಮಾತು ಹೆಚ್ಚು ದೂರ ಹೋಗುವುದು.

ಹೇಳುವುದಕ್ಕಿಂತ ತೋರಿಸುವುದು ಮೇಲು. ತೋರಿಸಲು ಪ್ರಯೋಗಶಾಲೆ ಬೇಕಾಗಿಲ್ಲ. ಸಂತೆಯ ದಿನ ಚಿಕಿತ್ಸಾಲಯದ ಕಟ್ಟೆಯ ಮೇಲೆ ಎರಡು ಗಾಜಿನ ಭರಣಿಗಳನ್ನಿಡಬಹುದು. ಒಂದರಲ್ಲಿ ಕತ್ತರಿಸಿದ ಕಣಿಕೆ ಮತ್ತು ನೀರು, ಇನ್ನೊಂದರಲ್ಲಿ ಬೇಯಿಸಿದ ಜೋಳದ ಹಿಟ್ಟು ಮತ್ತು ನೀರು. ಎರಡಕ್ಕೂ ಒಂದೊಂದು ಚಮಚೆ ಮಜ್ಜಿಗೆ ಹಾಕಿ ಹಿಂದಿನ ದಿನವೇ ಇಟ್ಟಿರಬೇಕು. ಬೆಳಗಾಗುವಷ್ಟರಲ್ಲಿ ಹಿಟ್ಟಿನ ಭರಣಿ ಹುಳಿತು ನೊರೆಗಟ್ಟಿರುವುದು, ಕಣಿಕೆಯದು ಹೆಚ್ಚು ಬದಲಾಗಿರುವುದಿಲ್ಲ. ಅಂಬಲಿ ಎರಡು ದಿನಕ್ಕೆ ಹೇಗೆ ಹುಳಿಯುವುದೆಂದು ಬಲ್ಲವರಿಗೆ ಇದರ ಮೇಲೆ ವ್ಯಾಖ್ಯಾನವೇ ಬೇಡ: “ಎತ್ತಿನ ಹೊಟ್ಟ್ಯಾಗೂ ಇದ ಆಗತೈತಿ, ಅವ್ವಾ” ಎಂದರೆ ಸಾಕು. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ಕಿವುಚಿದ ರಸವೂ ಒಳ್ಳೆಯ ಉಪಕರಣ. ಹುಳಿ ಸೇರಿದರೆ ಕೆಂಪೇರುವುದು, ಸೋಡಾ ಸೇರಿದರೆ ಹಸುರಿಗೆ ತಿರುಗುವುದು. ಹುಳಿಗೆ ಇಂಡಿಯ ಲಿಂಬೆಗಿಂತ ಬೇರೇನನ್ನು ಹುಡುಕಬೇಕು? ಅದೇ ಲಿಂಬೆಯ ರಸವನ್ನು ಸೋಡಾದ ಮೇಲೆ ಹಿಂಡಿ ಬಾಟಲಿಯ ಬಾಯಿಗೆ ಬಲೂನನ್ನು ಸಿಕ್ಕಿಸಿದರೆ ಅದು ಉಬ್ಬುವುದು. ಹುದುಗುವ ಹೊಟ್ಟೆಯಲ್ಲಿ ಗಾಳಿ ಹೇಗೆ ಕೂಡುವುದು, ತೇಗು ನಿಂತ ಎತ್ತಿನ ಎಡಪಕ್ಕೆ ಏಕೆ ನಗಾರಿಯಾಗುವುದು ಎಂಬುದು ಮಕ್ಕಳಿಗೂ ತಿಳಿಯುವುದು.

ಇದಕ್ಕಿಂತಲೂ ಉತ್ತಮವಾದ ಪಾಠವೊಂದುಂಟು. ಆರೋಗ್ಯದ ಎತ್ತಿನ ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದಿನ ಕುಳಿಯಲ್ಲಿ ಮುಷ್ಟಿಯನ್ನು ಒತ್ತಿ ಹಿಡಿದರೆ ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಅಲೆಯೊಂದು ಬಂದು ಕೈಯನ್ನು ನೂಕುವುದು. ಲಸಿಕೆ ಹಾಕಿಸಲು ಬಂದ ರೈತನ ಕೈಯನ್ನು ವೈದ್ಯರು ಹಿಡಿದು ಅಲ್ಲಿರಿಸಿ, ಅವನ ಕಿವಿಗೆ ಸ್ಟೆತಸ್ಕೋಪನ್ನು ಕೊಟ್ಟು ಆ ಗುಡುಗನ್ನು ಒಮ್ಮೆ ಕೇಳಿಸಲಿ. ಹೀಗೆ ಕಲಿತವನು ಹಬ್ಬದ ರಾತ್ರಿ ತಾನೇ ಕೈಯಿಟ್ಟು ನೋಡುವನು. ಅಲೆ ಬಾರದಿದ್ದರೆ, ಎತ್ತು ಮೆಲುಕು ಬಿಟ್ಟಿದ್ದರೆ, ಬೆಳಗನ್ನು ಕಾಯದೆ ಸಂಚಾರಿ ಪಶು ಚಿಕಿತ್ಸಾ ಘಟಕದ 1962 ಸಂಖ್ಯೆಗೆ ಕರೆ ಮಾಡುವನು. ಹಿಟ್ಟು ಕಾಳುಗಳನ್ನು ದೂರ ಮಾಡಿ, ಒಣ ಕಣಿಕೆಯನ್ನಷ್ಟೇ ಮುಂದಿಟ್ಟು, ವೈದ್ಯರು ಬರುವವರೆಗೆ ಗೊಟ್ಟವನ್ನು ಮುಟ್ಟದಿರುವನು.

ಗೊಟ್ಟದ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಬಿದಿರಿನ ಗೊಟ್ಟದಿಂದ ಹಸಿ ಮೊಟ್ಟೆ, ಎಣ್ಣೆ, ಅರಿಸಿನಗಳನ್ನು ಎತ್ತಿಗೆ ಕುಡಿಸುವುದು ಕಾರಹುಣ್ಣಿಮೆಯ ರೂಢಿ. ಇಬ್ಬರು ತಲೆಯನ್ನು ಆಕಾಶಕ್ಕೆತ್ತಿ ಹಿಡಿಯುವರು, ಒಬ್ಬನು ನಾಲಿಗೆಯನ್ನು ಹೊರಗೆಳೆಯುವನು, ಮತ್ತೊಬ್ಬನು ಸುರಿಯುವನು. ಹೀಗೆ ಹಿಡಿದ ಪ್ರಾಣಿಯು ನುಂಗಲಾರದು. ಸುರಿದುದು ಅನ್ನನಾಳವನ್ನು ಬಿಟ್ಟು ಶ್ವಾಸನಾಳಕ್ಕೆ ಇಳಿಯುವುದು. ಎಣ್ಣೆ ಇದರಲ್ಲಿ ಬಹಳ ಕೆಟ್ಟದ್ದು, ಏಕೆಂದರೆ ನೀರಿನಂತೆ ಅದು ಕೆಮ್ಮನ್ನು ಕೆರಳಿಸದೆ ಸದ್ದಿಲ್ಲದೆ ಪುಪ್ಪುಸವನ್ನು ಸೇರುವುದು. ಕೆಲವು ದಿನಗಳ ಮೇಲೆ ಜ್ವರ, ಏದುಸಿರು, ಕೊಳೆತ ಉಸಿರು. ಆಗ ಹಬ್ಬದ ನೆನಪೇ ಯಾರಿಗೂ ಬರುವುದಿಲ್ಲ. ಇದನ್ನು ಕಲಿಸಲು ಚಿತ್ರವೂ ಬೇಡ. ನೆರೆದವರೆಲ್ಲ ಬಾಯಿ ತೆರೆದು, ತಮ್ಮ ನಾಲಿಗೆಯನ್ನು ತಾವೇ ಬೆರಳಿನಿಂದ ಹಿಡಿದು ಎಂಜಲನ್ನು ನುಂಗಲು ಪ್ರಯತ್ನಿಸಲಿ. ಓದುಗರೂ ಈಗಲೇ ಪರೀಕ್ಷಿಸಬಹುದು. ಎತ್ತಿನ ಮೂತಿಯನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆತ್ತದೆ, ನಾಲಿಗೆಯನ್ನು ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಸುರಿದು ನುಂಗಿದ್ದನ್ನು ನೋಡಿ ಮುಂದುವರಿಯಬೇಕೆಂಬುದು ಆ ನಗುವಿನ ನಡುವೆಯೇ ಮನಸ್ಸಿಗೆ ಇಳಿಯುವುದು.

ಅಲಂಕಾರದ ಅಂಗಡಿಗಳೂ ಪಾಠಶಾಲೆಗಳಾಗಬಲ್ಲವು. ಮಗಡ, ಮೂಗುದಾರ, ಗೊಂಡೆ, ಬಾಸಿಂಗಗಳನ್ನು ಕೊಳ್ಳದೆ ಹಬ್ಬಕ್ಕೆ ಹೋಗುವವರಿಲ್ಲ. ಚಿಕಿತ್ಸಾಲಯದ ಕೈಚೀಟಿಯನ್ನು ಈ ವ್ಯಾಪಾರಿಗಳು ಸಾಮಾನಿನೊಡನೆ ಸುತ್ತಿ ಕೊಟ್ಟರೆ ಅದು ನೇರವಾಗಿ ಕೊಟ್ಟಿಗೆಗೇ ಹೋಗುವುದು. ಬಾಸಿಂಗದ ತಂತಿ, ಗುಂಡುಸೂಜಿಗಳು ಹಬ್ಬ ಮುಗಿದ ಮೇಲೆ ಮೇವಿನಲ್ಲಿ ಬೆರೆಯುವುವು. ದನಗಳು ಮೇವನ್ನು ಆರಿಸಿ ತಿನ್ನುವುದಿಲ್ಲ. ನುಂಗಿದ ತಂತಿಯು ಜೇನುಹುಟ್ಟಿನಂತಿರುವ ಎರಡನೆಯ ಕೋಣೆಯಲ್ಲಿ ನಿಲ್ಲುವುದು. ಆ ಕೋಣೆಗೂ ಹೃದಯಕ್ಕೂ ನಡುವೆ ಒಂದು ತೆಳುವಾದ ವಪೆ ಮಾತ್ರ. ತಿಂಗಳುಗಳ ಮೇಲೆ ಎತ್ತು ಇಳಿಜಾರಿನಲ್ಲಿ ನರಳಿ ಎದೆಯ ಕೆಳಗೆ ಬಾವು ಬಂದಾಗ ಆ ತಂತಿ ಹೃದಯದ ಚೀಲವನ್ನು ಚುಚ್ಚಿರಬಹುದು. ಹಬ್ಬದ ಮರುದಿನ ಶಾಲೆಯ ಮಕ್ಕಳ ಕೈಗೆ ದಾರ ಕಟ್ಟಿದ ಒಂದೊಂದು ಅಯಸ್ಕಾಂತವನ್ನು ಕೊಟ್ಟು ಕರಿ ಹರಿದ ಬಯಲಿನಲ್ಲಿ ಎಳೆದಾಡಲು ಬಿಟ್ಟರೆ, ಅದಕ್ಕೆ ಅಂಟಿ ಬಂದುದನ್ನು ನೋಡಿಯೇ ಊರು ಬೆರಗಾದೀತು.

ಕೋಡಿನ ಬಣ್ಣದ ವಿಷಯದಲ್ಲಿ ಹಿಂದಿನವರ ಜಾಜು, ಹುರಮಂಜುಗಳೇ ನಿರಪಾಯವೆಂದು ನಮ್ಮ ಅಭಿಪ್ರಾಯ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2017ರಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿದೆ. ಆದರೆ ಯಂತ್ರಗಳಿಗೂ ಕಬ್ಬಿಣಕ್ಕೂ ಬಳಿಯುವ ಬಣ್ಣಗಳು ಅದರ ಹೊರಗಿವೆ. ಕೆಳಗಿಟ್ಟ ಡಬ್ಬಿಯನ್ನು ನೆಕ್ಕಿದ ಕರು ಕುರುಡಾಗಿ, ಹಲ್ಲು ಕಡಿದು ಸೆಟೆಯುವುದು ಸೀಸದ ವಿಷದ ಲಕ್ಷಣ. ಕೋಡನ್ನು ನುಣುಪುಗೊಳಿಸಲು ಹೆರೆಯುವವರು ಅದು ಉಗುರಿನಂತೆ ನಿರ್ಜೀವವೆಂದು ಭಾವಿಸುವರು. ಹೊರಕವಚ ಮಾತ್ರ ಹಾಗೆ; ಒಳಗೆ ರಕ್ತ ಹರಿಯುವ ಎಲುಬಿದೆ. ನಮ್ಮ ದೇಶದ ಎತ್ತುಗಳಲ್ಲಿ ಹೆಚ್ಚಾಗಿ ಕಾಣುವ ಕೋಡಿನ ಕ್ಯಾನ್ಸರಿಗೆ ಈ ಹೆರೆಯುವಿಕೆ ಮತ್ತು ಬಣ್ಣಗಳೂ ನೆರವಾಗುತ್ತಿರಬಹುದೆಂಬ ಸಂಶಯ ಪಶುವೈದ್ಯರಲ್ಲಿ ಬಹುಕಾಲದಿಂದ ಇದೆ.

ಕಾರಹುಣ್ಣಿಮೆಯಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳು ಎರೆಮಣ್ಣಿನಿಂದ ಎತ್ತುಗಳನ್ನು ಮಾಡುವ ಈ ಹಬ್ಬ ಶರೀರಶಾಸ್ತ್ರಕ್ಕೆ ಹೇಳಿ ಮಾಡಿಸಿದ್ದು. ಪೂಜೆಗಿಟ್ಟ ಜೋಡಿಯನ್ನು ಮುಟ್ಟದೆ, ಶಾಲೆಯಲ್ಲಿ ಬೇರೊಂದು ದೊಡ್ಡ ಎತ್ತನ್ನು ಮಾಡಿಸಿ, ಅದರ ಎಡ ಮಗ್ಗುಲನ್ನು ತೆರೆದಿಟ್ಟು, ನಾಲ್ಕು ಕೋಣೆಗಳನ್ನು ನಾಲ್ಕು ಬಣ್ಣದ ಮಣ್ಣಿನಿಂದ ಕೂರಿಸಬಹುದು. ಆ ವರ್ಷದ ಕಾರಹುಣ್ಣಿಮೆಗೆ ಇದು ತಡವಾಯಿತು, ನಿಜ. ದೀಪಾವಳಿಯ ಪಾಡ್ಯಕ್ಕೆ ಸಕಾಲ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಅಪಾಯವನ್ನು ತೋರಿಸಲೂ ಇದೇ ಹೊತ್ತು. ಅಂತಹ ಪೈರಿನಲ್ಲಿ ಹೈಡ್ರೋಸಯನಿಕ್ ಆಮ್ಲ ಹುಟ್ಟುವುದು. ಹಬ್ಬದಲ್ಲಿ ಬಿಡುವಾಗಿ ಬಿಟ್ಟ ದನ ಹೊಲಕ್ಕೆ ನುಗ್ಗಿ ತಿಂದರೆ ಕೆಲವೇ ನಿಮಿಷಗಳಲ್ಲಿ ಬೀಳುವುದು. ಜಜ್ಜಿದ ಪೈರಿನ ಮೇಲೆ ಪಿಕ್ರೇಟ್ ಲೇಪಿಸಿದ ಹಳದಿ ಕಾಗದವನ್ನು ತೂಗಿಬಿಟ್ಟರೆ ಅದು ಇಟ್ಟಿಗೆಯಂತೆ ಕೆಂಪಾಗುವುದನ್ನು ಚಿಕಿತ್ಸಾಲಯದಲ್ಲಿ ಯಾರಾದರೂ ನೋಡಬಹುದು.

ಪಟ್ಟಣದ ಓಣಿಗಳಲ್ಲಿ ಎತ್ತಿನ ಸ್ಥಾನಕ್ಕೆ ನಾಯಿ ಬೆಕ್ಕುಗಳು ಬಂದಿವೆ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಿದರೆ ನಾಯಿಯದು 40,000ವನ್ನೂ ದಾಟುವುದು. ಪಟಾಕಿಯ ರಾತ್ರಿ ಅದನ್ನು ಒಳಕೋಣೆಯಲ್ಲಿರಿಸಬೇಕೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಒಣದ್ರಾಕ್ಷಿಗೆ ಹೆಸರಾದ ಈ ಜಿಲ್ಲೆಯಲ್ಲಿ ಒಂದು ಮಾತು ಅವಶ್ಯ. ಪಾಯಸದ ದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಅದರೊಳಗಿನ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಇತ್ತೀಚಿನ ವರ್ಷಗಳಲ್ಲಿ ತಜ್ಞರು ತರ್ಕಿಸಿದ್ದಾರೆ.

ಜಾತ್ರೆಗಳದ್ದು ಬೇರೆಯೇ ಲೆಕ್ಕ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಜಾನುವಾರು ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಕಾಲುಬಾಯಿ ಬೇನೆಯ ಲಸಿಕೆ ಮೈಯಲ್ಲಿ ಕೆಲಸ ಮಾಡಲು ಎರಡು ಮೂರು ವಾರಗಳು ಬೇಕು. ಸಂಕ್ರಮಣದ ಜಾತ್ರೆಗೆ ಎತ್ತು ಒಯ್ಯುವವನು ಹಿಂದಿನ ಸಂಜೆ ಹಾಕಿಸಿದರೆ ಪ್ರಯೋಜನವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಫಲಿಸಿತೋ ಇಲ್ಲವೋ ಎಂದು ತಿಳಿಯುವ ದಾರಿಯೊಂದಿರಬೇಕು. ಚಿಕಿತ್ಸಾಲಯದ ಮೇಜಿನ ಮೇಲೆ ಹಬ್ಬಕ್ಕೆಂದೇ ಒಂದು ಪ್ರತ್ಯೇಕ ವಹಿ ಇರಲಿ. ಕಾರಹುಣ್ಣಿಮೆಯ ಮುಂದಿನ ಐದು ದಿನಗಳಲ್ಲಿ ಬಂದ ಪ್ರತಿಯೊಂದು ಪ್ರಾಣಿಗೂ ಯಾವ ಊರು, ಏನು ತಿಂದಿತು, ತಿಂದ ಎಷ್ಟು ತಾಸಿನ ಮೇಲೆ ತಂದರು, ಬದುಕಿತೇ ಎಂಬ ನಾಲ್ಕು ಸಂಗತಿಗಳನ್ನು ಬರೆದಿಡಬೇಕು. ಬುಟ್ಟಿ ತೂಗುಹಾಕಿದ ಊರುಗಳಿಗೆ ಕೆಂಪು ಶಾಯಿಯಿಂದ ಗುರುತು ಮಾಡಬೇಕು. ಮೂರು ನಾಲ್ಕು ವರ್ಷಗಳ ವಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕೆಂಪು ಗುರುತಿನ ಊರುಗಳಿಂದ ಬರುವ ಎತ್ತುಗಳು ಕಡಿಮೆಯಾಗಿವೆಯೇ ಎಂಬುದು ಕಾಣುವುದು. ಅದಕ್ಕೂ ಮೊದಲು, ಮೊದಲನೆಯ ವರ್ಷದಲ್ಲಿಯೇ, ತಾಸುಗಳನ್ನು ಬರೆದ ಅಂಕಣವನ್ನು ನೋಡುವುದು ಒಳ್ಳೆಯದು. ಹದಿನಾಲ್ಕು ತಾಸಿಗೆ ಬರುತ್ತಿದ್ದವರು ಐದು ತಾಸಿಗೆ ಬರತೊಡಗಿದ್ದರೆ ಮಾತು ಮುಟ್ಟಿದೆಯೆಂದು ತಿಳಿಯಬಹುದು.